ಹಳೆಯ ಹಂಚಿನ ಮನೆ: ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಕ್ರಮ

ನಮ್ಮ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಕಡೆಗಳಲ್ಲಿ ಅಜ್ಜನ ಕಾಲದ ಹಂಚಿನ ಮನೆಗಳು ಇನ್ನೂ ಬೇಕಾದಷ್ಟು ಇವೆ. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಗಾರೆ, ಹಲಸಿನ ಅಥವಾ ಮಾವಿನ ಮರದ ಪಕ್ಕಾಸು, ಅಡಿಕೆ ಸಲಾಕೆಯ ರೀಪು, ಮೇಲೆ ಮಂಗಳೂರು ಹಂಚು. ಐವತ್ತು ಅರುವತ್ತು ಮಳೆಗಾಲ ಕಂಡ ಇಂತಹ ಮನೆ ಒಂದು ವರ್ಷ ಸೋರತೊಡಗುತ್ತದೆ, ಮರುವರ್ಷ ಅಡುಗೆಮನೆಯ ಮೂಲೆ ಕುಸಿಯುತ್ತದೆ. ಆಗ ಮನೆಯವರಿಗೆ ಎರಡೇ ದಾರಿ ಕಾಣುತ್ತದೆ. ಕೆಡವಿ ತಾರಸಿ ಮನೆ ಕಟ್ಟುವುದು. ಇಲ್ಲವೇ ಬಕೆಟು ಇಟ್ಟುಕೊಂಡು ದಿನ ದೂಡುವುದು. ಮೊದಲನೆಯದಕ್ಕೆ ತೋಟದ ಪತ್ರ ಬ್ಯಾಂಕಿಗೆ ಹೋಗಬೇಕು. ಎರಡನೆಯದರಲ್ಲಿ ವಯಸ್ಸಾದವರು ಒದ್ದೆ ಗೋಡೆಯ ಪಕ್ಕ ಕೆಮ್ಮುತ್ತಾ ಮಲಗಬೇಕು.

ಮೂರನೆಯ ದಾರಿಯೊಂದಿದೆ. ಇಡೀ ಮನೆಯನ್ನು ಮೂರು ಬೇಸಿಗೆಗಳಲ್ಲಿ, ಕೈಯಲ್ಲಿ ದುಡ್ಡು ಬಂದಂತೆ, ಆದಷ್ಟು ನಮ್ಮ ಕೈಯಿಂದಲೇ ಸರಿಪಡಿಸುವುದು. ರಿಸರ್ವ್ ಬ್ಯಾಂಕು ಪ್ರಕಟಿಸಿದ ಲೆಕ್ಕದಂತೆ 2022–23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸದವರ ಸರಾಸರಿ ದಿನಗೂಲಿ 852 ರೂಪಾಯಿ. ಇಡೀ ದೇಶದ ಸರಾಸರಿ 393. ಕೂಲಿ ದುಡಿಮೆಗಾರನ ಹಕ್ಕು, ಅದರ ಬಗ್ಗೆ ದೂರಿಲ್ಲ. ಆದರೆ ನಮ್ಮಲ್ಲಿ ಮನೆ ರಿಪೇರಿಯ ದೊಡ್ಡ ಖರ್ಚು ಸಾಮಾನಿನದ್ದಲ್ಲ, ಕೂಲಿಯದ್ದು ಎಂಬುದು ಇದರಿಂದ ತಿಳಿಯುತ್ತದೆ. ಹಂಚು ಇಳಿಸುವುದು, ತೊಳೆಯುವುದು, ಹಳೆ ಸಾರಣೆ ಕೆರೆಯುವುದು, ಮಣ್ಣು ಹೊರುವುದು, ಸುಣ್ಣ ಬಳಿಯುವುದು: ಇಷ್ಟನ್ನು ಮನೆಮಂದಿ ಮಾಡಿದರೆ ಉಳಿಯುವ ಹಣ ಸಣ್ಣದಲ್ಲ.

ಹಣ ಹಾಳಾಗುವುದು ಹೆಚ್ಚಾಗಿ ಕ್ರಮ ತಪ್ಪಿದ್ದರಿಂದ. ಮನೆಯಲ್ಲಿ ಮದುವೆ ಗೊತ್ತಾಯಿತು ಎನ್ನಿ. ರೋಸಿಗೆ ನೆಂಟರು ಬರುವ ಮೊದಲು ಚಾವಡಿಗೆ ನುಣುಪು ಟೈಲ್ಸು, ಗೋಡೆಗೆ ಹೊಳೆಯುವ ಬಣ್ಣ. ಮಾಡನ್ನು ಯಾರೂ ನೋಡುವುದಿಲ್ಲವಲ್ಲ! ಎರಡು ಮಳೆಗಾಲ ಕಳೆಯುವಾಗ ಬಣ್ಣ ಹಪ್ಪಳದಂತೆ ಏಳುತ್ತದೆ. ಪಕ್ಕಾಸು ಬದಲಿಸಲು ಹತ್ತಿದವರ ಕೈಯಿಂದ ಜಾರಿದ ಹಂಚಿಗೆ ಹೊಸ ನೆಲ ಬಿರಿಯುತ್ತದೆ. ಆದುದರಿಂದ ಕ್ರಮ ಇಷ್ಟೇ: ಮೊದಲು ಮೇಲಿನ ನೀರು, ಅನಂತರ ಕೆಳಗಿನ ನೀರು, ಬಳಿಕ ಗೋಡೆ, ಆಮೇಲೆ ಅಡುಗೆಮನೆ ಮತ್ತು ಪಾಯಿಖಾನೆ. ನೆಲ ಮತ್ತು ಬಣ್ಣ ಕಟ್ಟಕಡೆಗೆ.

ಯೋಜನೆ ಹಾಕುವ ಕಾಲ ಮಳೆಗಾಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಜೋರು ಮಳೆಯ ದಿನ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಎಲ್ಲಿ ಸೋರುತ್ತದೆ, ಎಲ್ಲಿ ನೀರು ಗೋಡೆಗೆ ಸಿಡಿಯುತ್ತದೆ, ಅಂಗಳದ ನೀರು ಎತ್ತ ಹರಿಯುತ್ತದೆ ಎಂಬುದನ್ನು ಮನೆಯೇ ಹೇಳುತ್ತದೆ. ಮಕ್ಕಳ ಚೌಕ ಗೆರೆಯ ಲೆಕ್ಕದ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಮನೆಯ ನಕ್ಷೆ ಬರೆದು, ಈ ಜಾಗಗಳಿಗೆಲ್ಲ ಕೆಂಪು ಗುರುತು ಹಾಕಿ. ಗೋಡೆ ಬಿರಿದಲ್ಲಿ ಬಿರುಕಿಗೆ ಅಡ್ಡವಾಗಿ ತೆಳು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಆರು ತಿಂಗಳಲ್ಲಿ ಕಾಗದ ಹರಿಯದಿದ್ದರೆ ಅದು ಹಳೆಯ, ನಿಂತುಹೋದ ಬಿರುಕು. ಗಾರೆ ತುಂಬಿದರೆ ಸಾಕು. ಹರಿದರೆ ಪಂಚಾಂಗ ಕುಸಿಯುತ್ತಿರಬಹುದು. ಅನುಭವಿ ಮೇಸ್ತ್ರಿಗೆ ತೋರಿಸದೆ ಮುಂದುವರಿಯಬೇಡಿ.

ಇನ್ನು ಮಾಡಿನ ವಿಚಾರ. ಹೆಚ್ಚು ಗಮನ ಬೇಕಾದದ್ದು ಇಲ್ಲಿ.

ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿದಂದಿನಿಂದ ನಮ್ಮ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ಚೆನ್ನಾಗಿ ಸುಟ್ಟ ಹಂಚು ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕೆಡುವುದು ಅದನ್ನು ಹೊತ್ತ ಮರ. ಆದ್ದರಿಂದ ಹಂಚು ಹಳತಾಯಿತೆಂದು ಎಲ್ಲವನ್ನೂ ಮಾರಿ ತಗಡು ಹೊದೆಸುವವರು ಸ್ವಲ್ಪ ತಾಳಬೇಕು. ಇಳಿಸಿದ ಹಂಚನ್ನು ಒಂದು ದಿನ ನೀರಲ್ಲಿ ಹಾಕಿ, ತಂತಿ ಬ್ರಶ್ಶಿನಿಂದ ಪಾಚಿ ತಿಕ್ಕಿ ತೆಗೆದು, ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಠಣ್ಣೆಂದರೆ ಒಳ್ಳೆಯದು, ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ.

ಎಷ್ಟು ಹಂಚು ಬೇಕು? ಒಂದು ಲೆಕ್ಕ ನೋಡೋಣ. ಮನೆ 30 ಅಡಿ ಉದ್ದ, 24 ಅಡಿ ಅಗಲ. ಸುತ್ತಲೂ ಎರಡಡಿ ಮಾಡು ಮುಂದೆ ಬಂದಿದೆ. ಆಗ 34 ಗುಣಿಸು 28, ಅಂದರೆ 952 ಚದರಡಿ. ಮಾಡಿನ ಇಳಿಜಾರು 30 ಡಿಗ್ರಿಯಾದರೆ ಇದನ್ನು 1.155ರಿಂದ ಗುಣಿಸಬೇಕು: 1,100 ಚದರಡಿ, ಅಂದರೆ ಸುಮಾರು 102 ಚದರ ಮೀಟರ್. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುವುದರಿಂದ 1,530 ಹಂಚು ಬೇಕು. ಹಂಚೊಂದು ಎರಡೂಕಾಲು ಕಿಲೋ ತೂಗಿದರೂ ಪಕ್ಕಾಸುಗಳ ಮೇಲೆ ಮೂರೂವರೆ ಟನ್ನಿನಷ್ಟು ಭಾರ! ಮಳೆ ನೀರು ಹೀರಿದಾಗ ಇನ್ನೂ ಹೆಚ್ಚು. ಮರದ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದೆನ್ನುವುದು ಇದಕ್ಕಾಗಿಯೇ.

ಪರೀಕ್ಷೆಗೆ ಒಂದು ಸ್ಕ್ರೂ ಡ್ರೈವರ್ ಸಾಕು. ಪಕ್ಕಾಸಿನ ತುದಿಗಳು ಗೋಡೆಯ ಮೇಲೆ ಕೂರುವಲ್ಲಿ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಗೆದ್ದಲು, ನಮ್ಮ ಆಡುಮಾತಿನ ಒರಲೆ, ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಮೇಲೇರುತ್ತದೆ. ಆ ಗೆರೆ ಸಿಕ್ಕಿದಲ್ಲಿ ಮೇಲಿನ ಮರವನ್ನು ತಪ್ಪದೆ ನೋಡಿ. ಆದರೆ ತುದಿ ಕೊಳೆತ ಮಾತ್ರಕ್ಕೆ ಇಡೀ ಪಕ್ಕಾಸು ಬಿಸಾಡಬೇಕಾಗಿಲ್ಲ. ಕೊಳೆತಷ್ಟು ಕತ್ತರಿಸಿ, ಒಳ್ಳೆಯ ಭಾಗದ ಬದಿಗೆ ಎರಡು ಮೂರು ಅಡಿ ಕೂಡಿಕೊಳ್ಳುವಂತೆ ಅದೇ ದಪ್ಪದ ಹೊಸ ತುಂಡನ್ನು ಬೋಲ್ಟು ಹಾಕಿ ಜೋಡಿಸಬಹುದು. ಇದನ್ನು ಆಚಾರಿಯಿಂದಲೇ ಮಾಡಿಸಿ. ಮರ ಆರಿಸುವ, ಹಿಡಿದುಕೊಡುವ ಕೆಲಸ ನಮಗಿರಲಿ. ರೀಪಿಗೆ ನಮ್ಮ ತೋಟದಲ್ಲೇ ಫಲ ಕಡಿಮೆಯಾದ ಹಳೆಯ ಅಡಿಕೆ ಮರವಿದ್ದರೆ ಕಡಿದು ಸೀಳಿ, ಒಳಗಿನ ಮೆತ್ತನೆ ತಿರುಳು ತೆಗೆದು, ನೆರಳಲ್ಲಿ ಒಣಗಿಸಿಡಿ. ಎಳೆ ಮರದ ಸಲಾಕೆ ಬೇಗ ಹುಳ ಹಿಡಿಯುತ್ತದೆ.

ಮರಕ್ಕೆ ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಗೆದ್ದಲಿಗೆ ಅದು ಒಳ್ಳೆಯ ತಡೆ. ಆದರೆ ಆ ಎಣ್ಣೆ ತಾಗಿದ ಚರ್ಮ ಸುಟ್ಟಂತೆ ಬೊಕ್ಕೆ ಏಳುತ್ತದೆ. ರಬ್ಬರಿನ ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಮಕ್ಕಳು ಹತ್ತಿರ ಸುಳಿಯಬಾರದು.

ಹಂಚು ಇಳಿಸುವಾಗ ನೆತ್ತಿಯಿಂದ ಆರಂಭಿಸಿ ಎರಡೂ ಬದಿ ಸಮವಾಗಿ ಇಳಿಸಿ. ಒಂದೇ ಬದಿ ಖಾಲಿ ಮಾಡಿದರೆ ಇನ್ನೊಂದು ಬದಿಯ ಭಾರ ಮಾಡನ್ನು ವಾಲಿಸುತ್ತದೆ. ಒಮ್ಮೆಗೆ ಒಂದು ಕೋಣೆಯಷ್ಟು ಜಾಗ ಮಾತ್ರ ಬಿಚ್ಚಿ, ಸಂಜೆಗೆ ಟರ್ಪಾಲು ಮುಚ್ಚಿದರೆ ಮನೆಮಂದಿ ಬೇರೆಡೆ ಹೋಗಬೇಕಾಗಿಲ್ಲ. ಹೊಸದಾಗಿ ಹೊದೆಸುವಾಗ ಕತ್ತಲ ಕೋಣೆಗಳಿಗೆ ತಲಾ ಎರಡು, ಅಡುಗೆಮನೆಗೆ ನಾಲ್ಕು ಗಾಜಿನ ಹಂಚು ಹಾಕಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಮನೆಯನ್ನು ಇಷ್ಟು ಬದಲಿಸುವ ವಸ್ತು ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಈ ಕೆಲಸವೆಲ್ಲ ಜನವರಿಯಿಂದ ಏಪ್ರಿಲಿನೊಳಗೆ ಮುಗಿಯಬೇಕು. ಪತ್ತನಾಜೆ ಕಳೆದ ಮೇಲೆ ಮಾಡು ಬಿಚ್ಚುವವನನ್ನು ಮಳೆ ಕಾಯುವುದಿಲ್ಲ.

ಅಡುಗೆಮನೆಯ ಹಿಂದಿನ ಚಪ್ಪರಕ್ಕೆ, ಹಟ್ಟಿಗೆ ಹಿಂದೆ ಹಾಕಿಸಿದ ಆಸ್ಬೆಸ್ಟಾಸ್ ಶೀಟು ಇರುವ ಮನೆಗಳು ಅನೇಕ. ಅದರ ಕಣ್ಣಿಗೆ ಕಾಣದ ನಾರು ಶ್ವಾಸಕೋಶಕ್ಕೆ ಇಳಿದರೆ ಹಲವು ವರ್ಷಗಳ ಬಳಿಕ ಕ್ಯಾನ್ಸರ್ ಬರಬಹುದು. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಶೀಟನ್ನು ಒಡೆಯಬಾರದು, ಕೊರೆಯಬಾರದು, ಗರಗಸ ತಾಗಿಸಬಾರದು. ನೀರು ಹಾಕಿ ಪೂರ್ತಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ತುಂಡುಗಳನ್ನು ಪುಡಿಮಾಡಿ ದಾರಿಯ ಗುಂಡಿಗೆ ತುಂಬುವುದಂತೂ ಬೇಡವೇ ಬೇಡ.

ಮಾಡಾದ ಮೇಲೆ ಕೆಳಗಿನ ನೀರು. ಹಂಚಿನ ಅಂಚಿನಿಂದ ನೀರು ಬೀಳುವ ಗೆರೆಯಲ್ಲೇ ಒಂದಡಿ ಅಗಲದ ಚರಂಡಿ ತೋಡಿ, ಒಡೆದ ಕಲ್ಲು ಹಾಸಿ, ಐದು ಅಡಿಗೆ ಒಂದು ಇಂಚಿನ ಇಳಿಜಾರು ಕೊಟ್ಟು ತೋಟದ ಕಡೆ ಹರಿಸಿ. ಗೋಡೆಯ ಬುಡ ಒದ್ದೆಯಾಗುವುದು ಬಹುಪಾಲು ಇಲ್ಲಿಂದ ಸಿಡಿಯುವ ನೀರಿನಿಂದ. ಈ ಕೆಲಸಕ್ಕೆ ಹಾರೆ, ಬುಟ್ಟಿ ಮತ್ತು ಎರಡು ಆದಿತ್ಯವಾರದ ಸಂಜೆಗಳು ಸಾಕು.

ಗೋಡೆಯ ಬಗ್ಗೆ ಎರಡು ಮಾತು. ಕೆಂಪು ಕಲ್ಲು ನೆಲದೊಳಗಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸದ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಇಂತಹ ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ದಪ್ಪ ಸಿಮೆಂಟಿನ ಸಾರಣೆ ಕೊಟ್ಟರೆ ತೇವ ಒಳಗೇ ಉಳಿದು ಮಣ್ಣು ಮೆದುವಾಗುತ್ತದೆ. ಒಂದು ಪಾಲು ಚಿಪ್ಪಿನ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆ ಇಂತಹ ಗೋಡೆಗೆ ಒಗ್ಗುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ; ಕನ್ನಡಕ ಹಾಕಿಕೊಂಡೇ ಕಲಸಿ. ಬಿದ್ದರೆ ಕೂಡಲೇ ತುಂಬ ಹೊತ್ತು ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ. ಕಲ್ಲು ಚೆನ್ನಾಗಿದ್ದಲ್ಲಿ ಹೊರಗಡೆ ಸಾರಣೆಯೇ ಬೇಡ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಲಾರಿ ಬೇಕರ್ (1917–2007) ಕೇರಳದಲ್ಲಿ ಸಾರಣೆಯಿಲ್ಲದ ಗೋಡೆಗಳನ್ನೇ ಕಟ್ಟಿದರು, ಒಡೆದ ಹಂಚನ್ನೂ ಎಸೆಯದೆ ತಾರಸಿಯ ಕಾಂಕ್ರೀಟಿನೊಳಗೆ ಸೇರಿಸಿದರು.

ಕೋಣೆ ದೊಡ್ಡದಾಗಲೆಂದು ನಡುಗೋಡೆ ಒಡೆಯುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಹಳೆ ಮನೆಗಳಲ್ಲಿ ಕಂಬಗಳಿಲ್ಲ, ಗೋಡೆಯೇ ಮಾಡನ್ನು ಹೊರುತ್ತದೆ ಎಂಬುದು ಮರೆಯದಿರಲಿ. ಸಣ್ಣಪುಟ್ಟ ರಿಪೇರಿಗೆ, ಸಾರಣೆಗೆ, ಬಣ್ಣಕ್ಕೆ ಪಂಚಾಯತಿನ ಪರವಾನಿಗೆ ಬೇಡ. ಗೋಡೆ ಬದಲಿಸುವುದಿದ್ದರೆ, ಕೋಣೆ ಸೇರಿಸುವುದಿದ್ದರೆ ಮೊದಲೇ ಪಂಚಾಯತಿನಲ್ಲಿ ವಿಚಾರಿಸಿ.

ಪಾಯಿಖಾನೆಯನ್ನು ಮನೆಗೆ ಸೇರಿಸುವಾಗ ಮುಖ್ಯವಾದದ್ದು ಬಾವಿ. ಕೇರಳದ ಕಟ್ಟಡ ನಿಯಮದಂತೆ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ ಏಳೂವರೆ ಮೀಟರ್ ಅಂತರ ಬೇಕು. ಕೆಂಪು ಕಲ್ಲಿನಲ್ಲಿ ತೂತುಗಳು ಹೆಚ್ಚು, ನೀರು ಬೇಗ ಹಾಯುತ್ತದೆ. ಜಾಗವಿದ್ದರೆ ಹದಿನೈದು ಮೀಟರ್ ಬಿಡಿ, ಬಾವಿಗಿಂತ ಇಳಿಜಾರಿನ ಕೆಳಬದಿಯಲ್ಲಿ ತೋಡಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗೆ ಬಿದ್ದವರನ್ನು ಎತ್ತಲು ಆಗ ಸಾಧ್ಯ. ಗೋಡೆಗೊಂದು ಹಿಡಿಕೆ, ದೊರಗು ನೆಲ. ಒಲೆಯ ಹೊಗೆಗೆ ಮಾಡಿನಿಂದ ಎರಡಡಿ ಮೇಲೇರುವ ಕೊಳವೆ. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ.

ವಿದ್ಯುತ್ತಿನ ಕೆಲಸ ಮಾತ್ರ ನಾವು ಮಾಡಬಾರದು. ಗೋಡೆಯಲ್ಲಿ ಪೈಪಿನ ಗೆರೆ ಕೊರೆದುಕೊಡಬಹುದು. ತಂತಿ ಎಳೆಯುವವರು ಪರವಾನಿಗೆಯಿರುವ ವಯರ್‌ಮ್ಯಾನ್ ಆಗಿರಬೇಕು. 30 ಮಿಲಿ ಆಂಪಿಯರಿಗೆ ವಿದ್ಯುತ್ತನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್ಚನ್ನು ಕೇಳಿ ಹಾಕಿಸಿ. ಒದ್ದೆ ಗೋಡೆಯ ಮನೆಗೆ ಅದು ಜೀವರಕ್ಷಕ.

ಖರ್ಚಿನ ಪುಸ್ತಕದಲ್ಲಿ ಪ್ರತಿ ಬೇಸಿಗೆಯ ಕೆಲಸವನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಅಂದಾಜಿಗಿಂತ ಐದರಲ್ಲೊಂದು ಪಾಲು ಹೆಚ್ಚು ಹಣ ಕೈಯಲ್ಲಿರದೆ ಮಾಡು ಬಿಚ್ಚಬೇಡಿ; ಹಂಚು ಇಳಿಸಿದ ಮೇಲೆಯೇ ಮರದ ನಿಜ ಸ್ಥಿತಿ ಕಾಣುವುದು. ಮೊದಲ ವರ್ಷ ಮಾಡು ಮತ್ತು ಚರಂಡಿ, ಎರಡನೆಯ ವರ್ಷ ಗೋಡೆ, ವಯರಿಂಗ್, ಪಾಯಿಖಾನೆ. ಮೂರನೆಯ ವರ್ಷಕ್ಕೆ ಅಡುಗೆಮನೆ, ನೆಲ, ಬಣ್ಣ. ಹಳೆಯ ಕೆಂಪು ಸಿಮೆಂಟಿನ ನೆಲ ಗಟ್ಟಿಯಿದ್ದರೆ ಒಡೆದಲ್ಲಿ ಮಾತ್ರ ತೇಪೆ ಹಾಕಿ ಬಿಡಿ. ಬಣ್ಣಕ್ಕೆ ಮೊದಲು ಬಾಗಿಲು ದಾರಂದಗಳ ಹಳೆ ಪೈಂಟನ್ನು ಒಣಗಿದಂತೆಯೇ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪೈಂಟಿನ ಧೂಳಿನಲ್ಲಿ ಸೀಸವಿರಬಹುದು, ಅದು ಮಕ್ಕಳ ಮೆದುಳಿಗೆ ವಿಷ. ಒದ್ದೆ ಮಾಡಿ ಉಜ್ಜಿ, ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ. ಗೋಡೆಗೆ ಸುಣ್ಣ ಮೂರು ಕೈ ಬಳಿದರೆ ಸಾಕು. ಮೊದಲ ಕೈ ಪೂರ್ತಿ ಒಣಗಿದ ಮೇಲೆಯೇ ಎರಡನೆಯದು.