ಕುರ್ಚಿಗೆ ಎರಡು ತಿಂಗಳು, ನ್ಯಾಯಕ್ಕೆ ಹದಿಮೂರು ವರ್ಷ

ಸಹೋದರಿಯರೇ, ಚುನಾವಣೆಯ ಸುದ್ದಿ ಗಂಡಸರಿಗಿರಲಿ ಎಂದು ಪತ್ರಿಕೆಯ ಆ ಪುಟವನ್ನು ಮಗುಚಿ ಬಿಡುವವರು ನಮ್ಮಲ್ಲಿ ಎಷ್ಟಿಲ್ಲ? ಪೂರ್ವ ಆಫ್ರಿಕಾದ ಕೆನ್ಯಾದಲ್ಲಿ ನಡೆದುದನ್ನು ಒಮ್ಮೆ ಓದಿ ನೋಡಿ.

2007ರ ಡಿಸೆಂಬರ್ 27ರಂದು ಅಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. ಎಣಿಕೆಯ ಆರಂಭದಲ್ಲಿ ಪ್ರತಿಪಕ್ಷದ ರೈಲಾ ಒಡಿಂಗಾ ಮುಂದಿದ್ದರು. ಆದರೆ 30ರಂದು ಅಧ್ಯಕ್ಷ ಮ್ವಾಯ್ ಕಿಬಾಕಿಯೇ ಗೆದ್ದರೆಂದು ಘೋಷಿಸಿ, ಅದೇ ಸಂಜೆ ತರಾತುರಿಯಲ್ಲಿ ಪ್ರಮಾಣವಚನವನ್ನೂ ಮುಗಿಸಲಾಯಿತು. ಮೋಸವಾಗಿದೆ ಎಂಬ ಕೂಗೆದ್ದಿತು. ನೋಡುನೋಡುತ್ತಲೇ ಅದು ಬುಡಕಟ್ಟುಗಳ ಕಾಳಗವಾಯಿತು. 2008ರ ಜನವರಿ 1ರಂದು ಎಲ್ಡೊರೆಟ್ ಸಮೀಪ ಚರ್ಚಿನಲ್ಲಿ ಆಶ್ರಯ ಪಡೆದಿದ್ದವರಿಗೆ ಬೆಂಕಿಯಿಡಲಾಯಿತು. ಸತ್ತ ಸುಮಾರು 30 ಮಂದಿಯಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಒಟ್ಟು 1,100ಕ್ಕೂ ಹೆಚ್ಚು ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ ನೂರಾರು ಮಂದಿ ಸತ್ತದ್ದು ಗುಂಡೇಟಿನಿಂದ. ಲಕ್ಷಾಂತರ ಜನ ಮನೆ ತೊರೆದರು.

ಆ ದಿನಗಳಲ್ಲಿ ಶಾಂತಿಗಾಗಿ ಮುಂದೆ ಬಂದವರಲ್ಲಿ ಓರ್ವ ಮುಸ್ಲಿಮ್ ಮಹಿಳೆಯಿದ್ದರು, ದೇಖಾ ಇಬ್ರಾಹೀಮ್ ಅಬ್ದಿ. ಅವರು ವಜೀರ್ ಎಂಬ ಬರಡು ಗಡಿಸೀಮೆಯವರು. 1990ರ ದಶಕದ ಆರಂಭದಲ್ಲಿ ಅಲ್ಲಿ ಕುಲಗಳ ಕಲಹ ಭುಗಿಲೆದ್ದಾಗ, ಬೇರೆ ಬೇರೆ ಕುಲದ ಹೆಂಗಸರನ್ನು ಸಂತೆಯಲ್ಲೇ ಒಂದುಗೂಡಿಸಿ ಹಿರಿಯರನ್ನು ಮಾತುಕತೆಗೆ ಕೂರಿಸಿದ ಗುಂಪಿನಲ್ಲಿದ್ದರು. 2008ರಲ್ಲಿ ನಿವೃತ್ತ ಸೇನಾನಾಯಕರೊಂದಿಗೆ ಸೇರಿ ನೈರೋಬಿಯಲ್ಲಿ ಅದೇ ಕೆಲಸಕ್ಕಿಳಿದರು. 2011ರಲ್ಲಿ ರಸ್ತೆ ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು.

ಕೋಫಿ ಅನ್ನಾನ್ ಅವರ ಮಧ್ಯಸ್ಥಿಕೆಯಲ್ಲಿ ಫೆಬ್ರವರಿ 28ರಂದು ಒಪ್ಪಂದವಾಯಿತು. ಕಿಬಾಕಿ ಅಧ್ಯಕ್ಷರಾಗಿಯೇ ಉಳಿದರು, ಒಡಿಂಗಾರಿಗಾಗಿ ಪ್ರಧಾನಿ ಹುದ್ದೆ ಸೃಷ್ಟಿಯಾಯಿತು. ನಾಯಕರ ಜಗಳ ಎರಡೇ ತಿಂಗಳಲ್ಲಿ ತೀರಿತು! ಹಾಗೆಂದು ಒಪ್ಪಂದವನ್ನು ಹಳಿಯಲಾರೆ; ರಕ್ತ ಹರಿಯುವುದು ನಿಂತದ್ದು ಅದರಿಂದಲೇ. ಸುಧಾರಣೆಯ ಬಾಗಿಲು ತೆರೆದದ್ದೂ ಅದರಿಂದಲೇ.

2010ರ ಆಗಸ್ಟ್ 4ರಂದು ಜನಮತಗಣನೆ ನಡೆದು, ಮೂರರಲ್ಲಿ ಎರಡು ಪಾಲು ಮತದಾರರು ಹೊಸ ಸಂವಿಧಾನವನ್ನು ಒಪ್ಪಿದರು. ನಿಕಾಹ್, ತಲಾಕ್, ವಾರಸು ಹಕ್ಕಿನ ವ್ಯಾಜ್ಯಗಳಿಗಾಗಿ ಹಿಂದಿನಿಂದಲೂ ಇದ್ದ ಖಾಝಿ ನ್ಯಾಯಾಲಯಗಳನ್ನು ಕೈಬಿಡಬೇಕೆಂದು ಅನೇಕ ಚರ್ಚುಗಳು ಪಟ್ಟು ಹಿಡಿದಿದ್ದವು. ಬಹುಸಂಖ್ಯಾತ ಕ್ರೈಸ್ತರಿರುವ ದೇಶ ಅವನ್ನು ಉಳಿಸಿಕೊಂಡಿತು. ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಹೆಚ್ಚಿರಬಾರದೆಂಬ ನಿಯಮವೂ ಬಂತು. ಅದನ್ನು ಜಾರಿಗೆ ತರುವ ಕಾನೂನು ಮಾಡದ್ದಕ್ಕಾಗಿ ಸಂಸತ್ತನ್ನೇ ವಿಸರ್ಜಿಸಬೇಕೆಂದು 2020ರಲ್ಲಿ ಮುಖ್ಯ ನ್ಯಾಯಾಧೀಶರು ಸಲಹೆ ನೀಡಿದರು. ಸಂಸತ್ತು ಹಾಗೇ ಮುಂದುವರಿಯಿತು. 2017ರಲ್ಲಿ ಸುಪ್ರೀಮ್ ಕೋರ್ಟ್ ಅಧ್ಯಕ್ಷ ಚುನಾವಣೆಯನ್ನೇ ರದ್ದುಗೊಳಿಸಿದ್ದು ಆಫ್ರಿಕಾದಲ್ಲೇ ಮೊದಲು. ಆ ವರ್ಷವೂ ಪೊಲೀಸರ ಗುಂಡಿಗೆ ಜನ ಸತ್ತರೆಂಬುದನ್ನು ಮರೆಯುವಂತಿಲ್ಲ.

ಇನ್ನು ನೊಂದವರ ಮಾತು. ಗಲಭೆಯ ಹಿಂದಿದ್ದಾರೆಂದು ಶಂಕಿಸಲಾದವರ ಹೆಸರುಗಳನ್ನು ನ್ಯಾಯಮೂರ್ತಿ ವಾಕಿ ಆಯೋಗ ಮುಚ್ಚಿದ ಲಕೋಟೆಯಲ್ಲಿ ಅನ್ನಾನ್‌ರಿಗೆ ಒಪ್ಪಿಸಿತ್ತು. ಪ್ರಕರಣ ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ಆರೋಪಿಗಳಾಗಿದ್ದ ಉಹುರು ಕೆನ್ಯಾಟ್ಟಾ ಮತ್ತು ವಿಲಿಯಂ ರೂಟೊ 2013ರಲ್ಲಿ ಅಧ್ಯಕ್ಷ, ಉಪಾಧ್ಯಕ್ಷರಾದರು! 2014 ಮತ್ತು 2016ರಲ್ಲಿ ಆ ಮೊಕದ್ದಮೆಗಳು ಶಿಕ್ಷೆಯಿಲ್ಲದೆ ಬಿದ್ದುಹೋದವು.

ಗಲಭೆಯಲ್ಲಿ ಅತ್ಯಾಚಾರಕ್ಕೊಳಗಾದ ಆರು ಮಹಿಳೆಯರು, ಲೈಂಗಿಕ ಹಿಂಸೆಗೊಳಗಾದ ಇಬ್ಬರು ಪುರುಷರು ಮಾತ್ರ ಸುಮ್ಮನಾಗಲಿಲ್ಲ. ನಮ್ಮನ್ನು ಕಾಪಾಡಲಿಲ್ಲ, ತನಿಖೆಯನ್ನೂ ಮಾಡಲಿಲ್ಲವೆಂದು 2013ರಲ್ಲಿ ಸರಕಾರದ ವಿರುದ್ಧವೇ ನೈರೋಬಿಯ ಹೈಕೋರ್ಟಿಗೆ ಹೋದರು. 2020ರ ಡಿಸೆಂಬರ್ 10ರಂದು ತೀರ್ಪು ಬಂತು. ನಾಲ್ವರಿಗೆ ತಲಾ 40 ಲಕ್ಷ ಶಿಲಿಂಗ್ ಪರಿಹಾರ ನೀಡಬೇಕೆಂದು ಕೋರ್ಟ್ ಸರಕಾರಕ್ಕೆ ಆಜ್ಞಾಪಿಸಿತು. ಉಳಿದ ನಾಲ್ವರಿಗೆ ಏನೂ ಸಿಗಲಿಲ್ಲ.