ಫ್ರೀ ಸ್ಕೂಲ್ ಸ್ಟ್ರೀಟಿನ ಪ್ಲೇಟಂಗಡಿಗಳು

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಿಂದ ಉತ್ತರಕ್ಕೆ ಹೊರಳುವ ಬೀದಿಯೊಂದಕ್ಕೆ ಫಲಕದ ಮೇಲೆ ಮಿರ್ಜಾ ಗಾಲಿಬ್ ಸ್ಟ್ರೀಟ್ ಎಂದು ಬರೆದಿದೆ. ಆದರೆ ಟ್ಯಾಕ್ಸಿಯವರಿಗೂ ಕೈಗಾಡಿ ಎಳೆಯುವವರಿಗೂ ಅದು ಇಂದಿಗೂ ಫ್ರೀ ಸ್ಕೂಲ್ ಸ್ಟ್ರೀಟೇ. ಅಗ್ನಿಶಾಮಕ ದಳದ ಕೇಂದ್ರ ಕಚೇರಿ ಇಲ್ಲಿದೆ. ಕಾದಂಬರಿಕಾರ ಥ್ಯಾಕರೆ 1811ರಲ್ಲಿ ಹುಟ್ಟಿದ ಜಾಗದಲ್ಲಿ ಈಗ ಅರ್ಮೇನಿಯನ್ ಕಾಲೇಜು ನಿಂತಿದೆ. ಬಾಂಗ್ಲಾದೇಶದಿಂದ ಬರುವವರಿಗೆಂದೇ ಇರುವ ಲಾಡ್ಜುಗಳು, ನೋಟು ಬದಲಿಸಿಕೊಡುವ ಗೂಡುಗಳು, ಹಳೆಯ ಪುಸ್ತಕದ ರಾಶಿಗಳು. ಇವುಗಳ ಸಂದಿಯಲ್ಲಿ ಹಳೆಯ ಗ್ರಾಮಫೋನ್ ಪ್ಲೇಟು ಮಾರುವ ಕೆಲವು ಅಂಗಡಿಗಳು ಉಳಿದುಕೊಂಡಿವೆ.

ಅಂಗಡಿ ಎಂದರೆ ಗಾಜಿನ ಬಾಗಿಲನ್ನು ಊಹಿಸಬೇಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಫುಟ್‌ಪಾತಿನಲ್ಲೇ ಕಾಯಬೇಕು. ನೆಲದಿಂದ ಸೂರಿನವರೆಗೆ ಎಲ್‌ಪಿ ಕವರುಗಳು. ಸಾಲದ್ದಕ್ಕೆ ಹೊರಗೆ ಕಟ್ಟೆಯ ಮೇಲೂ ಪೆಟ್ಟಿಗೆ, ಮಳೆ ಬಂದರೆ ಎಳೆದು ಹೊದಿಸಲು ಒಂದು ಪ್ಲಾಸ್ಟಿಕ್ ಹಾಳೆ. ಮೂಲೆಯಲ್ಲೊಂದು ಟರ್ನ್‌ಟೇಬಲ್ಲು, ಅದರ ಮುಚ್ಚಳದ ಮೇಲೆ ಚಹಾದ ಮಣ್ಣಿನ ಕುಡಿಕೆ. ಏನು ಬೇಕು ಎಂದು ಯಾರೂ ಧಾವಂತದಲ್ಲಿ ಕೇಳುವುದಿಲ್ಲ. ನೀವು ಕೂತು ನೋಡಲು ಶುರುಮಾಡಿದರೆ ಮಾಲೀಕರು ತಮ್ಮ ಪಾಡಿಗೆ ಪತ್ರಿಕೆಗೆ ಮರಳುತ್ತಾರೆ. ಎಲೆ ಅಡಿಕೆಯ ಅಂಗಡಿಯಾತ ವೀಳ್ಯದೆಲೆ ಎಣಿಸುವಂತೆ ಬೆರಳ ತುದಿಯಲ್ಲಿ ಕವರುಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸುತ್ತ ಹೋಗುವುದಷ್ಟೇ ಗಿರಾಕಿಯ ಕೆಲಸ.

ಅಕಾರಾದಿ ಇಲ್ಲ, ವಿಭಾಗವಿಲ್ಲ. ಬೋನಿ ಎಂ ತಂಡದ ಹಿಂದೆ ಕಣಿಕಾ ಬಂದ್ಯೋಪಾಧ್ಯಾಯರ ರವೀಂದ್ರ ಸಂಗೀತ, ಅದರ ಹಿಂದೆ ವಿಲಾಯತ್ ಖಾನರ ಸಿತಾರು, ಆಮೇಲೆ ಪಾಲಿಡೋರ್ ಕಂಪನಿ ಹೊರತಂದ ‘ಶೋಲೆ’ಯ ಸಂಭಾಷಣೆಯ ಎಲ್‌ಪಿ. ಆ ಸಂಭಾಷಣೆಯ ಪ್ಲೇಟು ಒಂದು ಕಾಲದಲ್ಲಿ ಹಾಡಿನ ಪ್ಲೇಟನ್ನೂ ಮೀರಿಸಿ ಬೀದಿಬೀದಿಯಲ್ಲಿ ಮೊಳಗಿತ್ತು. ಫೋನಿನಲ್ಲಿ ಹಾಡು ಕೇಳಬೇಕಾದರೆ ಅದರ ಹೆಸರೋ ಸಾಲೋ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ನಿನ್ನೆ ಕೇಳಿದ್ದಕ್ಕೆ ಹತ್ತಿರದ್ದನ್ನೇ ಅದು ಇಂದೂ ಬಡಿಸುತ್ತದೆ. ಇಲ್ಲಿ ಹೆಸರೂ ಗೊತ್ತಿರದ ಗಾಯಕಿಯ ಮುಖವನ್ನು ಕವರಿನಲ್ಲಿ ನೋಡಿ, ಹಿಂಬದಿಯ ಬರಹವನ್ನು ತಡವರಿಸಿ ಓದಿ, ಹಾಕಿ ಕೇಳಿಸಿ ಎನ್ನಬಹುದು. ಬಹಳಷ್ಟು ಸಲ ಅದು ಸಪ್ಪೆಯಾಗಿರುತ್ತದೆ. ಆದರೂ ಮುಂದಿನ ಪೆಟ್ಟಿಗೆಗೆ ಕೈ ಹೋಗುತ್ತದಲ್ಲ, ಆ ಚಟಕ್ಕೇ ಜನ ಇಲ್ಲಿಗೆ ಬರುವುದು.

ಇಷ್ಟೊಂದು ಪ್ಲೇಟುಗಳು ಈ ಒಂದು ಬೀದಿಯಲ್ಲಿ ಸೇರಿದ್ದು ಹೇಗೆ? ಪಕ್ಕದ ಪಾರ್ಕ್ ಸ್ಟ್ರೀಟಿನಲ್ಲಿ 1960ರ ದಶಕದ ಸಂಜೆಗಳೆಂದರೆ ಬ್ಯಾಂಡು, ಹಾಡು, ಕುಣಿತ. ಉಷಾ ಉತ್ತುಪ್ ಕಾಂಜೀವರಂ ಸೀರೆಯುಟ್ಟು ಇಂಗ್ಲಿಷ್ ಹಾಡು ಹಾಡಿದ ಟ್ರಿಂಕಾಸ್ ಇರುವುದು ಅಲ್ಲೇ. ಸುತ್ತಲಿನ ಗಲ್ಲಿಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಿದ್ದವು. ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೊರಟಾಗ ಅವರು ಪಿಯಾನೊ, ಪುಸ್ತಕ, ಪ್ಲೇಟುಗಳನ್ನು ಬಿಟ್ಟು ಹೋದರು. ಖಿದಿರ್‌ಪುರ ಬಂದರಿನಲ್ಲಿ ಇಳಿದ ನಾವಿಕರು ತಂದವು ಕೆಲವು, ಸಡರ್ ಸ್ಟ್ರೀಟಿನ ಅಗ್ಗದ ಕೋಣೆಗಳಲ್ಲಿ ತಂಗುತ್ತಿದ್ದ ಹಿಪ್ಪಿಗಳು ಕೈ ಖಾಲಿಯಾದಾಗ ಮಾರಿದವು ಕೆಲವು ಎನ್ನುತ್ತಾರೆ. ಕ್ಯಾಸೆಟ್ಟು ಬಂದ ಮೇಲಂತೂ ಬಂಗಾಳಿ ಮನೆಗಳ ಅಟ್ಟಗಳೇ ಖಾಲಿಯಾದವು. ಕವರಿನ ಮೂಲೆಯಲ್ಲಿ ಶಾಯಿ ಪೆನ್ನಿನ ಸಹಿ, ಕ್ರಿಸ್‌ಮಸ್ ಶುಭಾಶಯ, ಯಾವುದೋ ಕ್ಲಬ್ಬಿನ ಮುದ್ರೆ ಕಾಣಿಸುವುದು ಇದರಿಂದಲೇ.

ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಭಾರತದಲ್ಲಿ ಪ್ಲೇಟು ಎಂಬುದು ಹುಟ್ಟಿದ್ದೇ ಈ ಊರಿನಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಇಲ್ಲಿಗೆ ಬಂದು 1902ರ ನವೆಂಬರಿನಲ್ಲಿ ಹೋಟೆಲ್ ಕೋಣೆಯಲ್ಲಿ ಯಂತ್ರ ಹೂಡಿದ. ಹಾಡುವವರು ದೊಡ್ಡ ಕೊಂಬಿನ ಬಾಯಿಗೆ ಮುಖ ಒಡ್ಡಿ ಮೂರು ನಿಮಿಷದ ಆಸುಪಾಸಿನಲ್ಲಿ ರಾಗವನ್ನು ಮುಗಿಸಬೇಕು. ಆಗ ಹಾಡಿದವರಲ್ಲಿ ಹೆಸರು ಉಳಿದದ್ದು ಗೌಹರ್ ಜಾನ್‌ರದು. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಾರೆ. ಜಂಬವಲ್ಲ, ಗುರುತು: ಅಚ್ಚು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾವ ತಟ್ಟೆ ಯಾರದು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ. ಹಳೆಯ 78 ಆರ್‌ಪಿಎಂ ಪ್ಲೇಟುಗಳಿಗೆ ಬೇಕಾದ ಅರಗು ಛೋಟಾ ನಾಗಪುರದಂಥ ಕಾಡುಗಳಿಂದ ಇದೇ ಊರಿನ ಬಂದರಿನ ಮೂಲಕ ಹಡಗು ಹತ್ತುತ್ತಿತ್ತು. ಹಾಡಾಗಿ ವಾಪಸು ಬರುತ್ತಿತ್ತು. 1908ರಲ್ಲಿ ಸಿಯಾಲ್ದಾದಲ್ಲಿ ಕಂಪನಿಯ ಕಾರ್ಖಾನೆ ತೆರೆದ ಮೇಲೆ ಆ ಸುತ್ತು ತಪ್ಪಿತು. ವಿದೇಶಿಯರಿಗೂ ಮೊದಲೇ ಅಲ್ಲದಿದ್ದರೂ ಅವರ ಜೊತೆಜೊತೆಗೇ ಸ್ವದೇಶಿ ಸಾಹಸವೂ ನಡೆದಿತ್ತು. ‘ಕುಂತಲೀನ್’ ಎಂಬ ತಲೆಗೆ ಹಚ್ಚುವ ಎಣ್ಣೆ ಮಾರುತ್ತಿದ್ದ ಹೇಮೇಂದ್ರಮೋಹನ ಬೋಸ್ ಮೇಣದ ಉರುಳೆಗಳ ಮೇಲೆ ರವೀಂದ್ರನಾಥ ಠಾಕೂರರ ಕಂಠವನ್ನೇ ಹಿಡಿದಿಟ್ಟಿದ್ದರು. ಎಣ್ಣೆ ವ್ಯಾಪಾರಿಗೆ ಇದೆಲ್ಲ ಏಕೆ ಬೇಕಿತ್ತು ಎಂದು ಕೇಳುವವರು ಬಂಗಾಳವನ್ನು ಅರಿತವರಲ್ಲ.

ಗೌಹರ್ ಜಾನ್‌ರ ಕತೆ ನಮ್ಮ ಕಡೆಗೂ ಬರುತ್ತದೆ. ತಂದೆಯ ಕಡೆಯಿಂದ ಅರ್ಮೇನಿಯನ್ ಮೂಲದ, ಏಂಜಲಿನಾ ಎಂಬ ಹೆಸರಿನಲ್ಲಿ ಹುಟ್ಟಿದ ಈ ಗಾಯಕಿ ಕಲ್ಕತ್ತವನ್ನು ಆಳಿದಷ್ಟು ಕಾಲ ಆಳಿ, ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಸರೆ ಪಡೆದದ್ದು 1928ರಲ್ಲಿ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅರಮನೆಯ ದಾಖಲೆಗಳಲ್ಲಿ ಅವರ ಕಾಗದಪತ್ರಗಳನ್ನು ಕಂಡು, ಬೆನ್ನುಹತ್ತಿ ಜೀವನಚರಿತ್ರೆ ಬರೆದವರು ಬೆಂಗಳೂರಿನ ವಿಕ್ರಂ ಸಂಪತ್. ಫ್ರೀ ಸ್ಕೂಲ್ ಸ್ಟ್ರೀಟಿನಲ್ಲಿ ಗೌಹರ್‌ರ ಮೂಲ ಪ್ಲೇಟು ಸುಲಭಕ್ಕೆ ಕಾಣಸಿಗದು. ಅಂಥವು ಪೆಟ್ಟಿಗೆಗೆ ಬರುವ ಮೊದಲೇ ಸಂಗ್ರಾಹಕರ ಪಾಲಾಗುತ್ತವೆ. ಹಳಬರ ಹಾಡನ್ನು ಮರುಮುದ್ರಿಸಿದ ಎಲ್‌ಪಿ ಸಿಕ್ಕರೆ ಅದೇ ಪುಣ್ಯ.

ಅದೇ 1928ರಲ್ಲಿ ಗ್ರಾಮಫೋನ್ ಕಂಪನಿ ದಮ್‌ದಮ್‌ನಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿತು. ನಮ್ಮ ಮನೆಗಳ ರೇಡಿಯೋಗ್ರಾಮಿನಲ್ಲಿ ತಿರುಗಿದ ಕಾಳಿಂಗರಾಯರ ಭಾವಗೀತೆ, ರಾಜ್‌ಕುಮಾರ್ ಚಿತ್ರಗಳ ಹಾಡು, ದಾಸರ ಪದ ಎಷ್ಟೋ ಅಚ್ಚಾಗಿ ಹೊರಟದ್ದು ಆ ಕಾರ್ಖಾನೆಯಿಂದ. ಮನೆಯಲ್ಲಿ ನಾಯಿ ಮಾರ್ಕಿನ ಹಳೆಯ ಕವರು ಉಳಿದಿದ್ದರೆ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ. ಬೀಟಲ್ಸ್ ತಂಡದ ಹಾಡುಗಳೂ ದಮ್‌ದಮ್‌ನಲ್ಲಿ ಅಚ್ಚಾದವು. ಅದರಲ್ಲೊಂದು ಸೋಜಿಗವಿದೆ. ಇಂಗ್ಲೆಂಡಿನಲ್ಲಿ 78ರ ಪ್ಲೇಟಿನ ಕಾಲ ಮುಗಿದ ಮೇಲೂ ನಮ್ಮಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಬಹಳ ಮನೆಗಳಲ್ಲಿ ಇದ್ದವು. ಕರೆಂಟೇ ಇಲ್ಲದ ಊರುಗಳಿಗೆ ಬೇರೆ ದಾರಿ ಏನಿತ್ತು? ಹಾಗಾಗಿ 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳು ಇಲ್ಲಿ 78ರಲ್ಲೂ ಬಂದವು. ನಮ್ಮ ಬಡತನದ ಆ ಕುರುಹಿಗೆ ಇಂದು ಲಂಡನ್ನಿನ ಸಂಗ್ರಾಹಕರು ದುಡ್ಡು ಸುರಿಯುತ್ತಾರೆ. ಅಂಗಡಿಯವರಿಗೂ ಇದು ಚೆನ್ನಾಗಿ ಗೊತ್ತು. ಅಂಥದ್ದು ಇದೆಯೇ ಎಂದರೆ ನಕ್ಕು ಸುಮ್ಮನಾಗುತ್ತಾರೆ.

ಬಂಗಾಳಿಗಳ ಖಾಸಾ ಸರಕು ಮಾತ್ರ ಪೂಜೆಯ ಹಾಡು. ಪ್ರತಿ ಶರತ್ಕಾಲದಲ್ಲಿ, ದುರ್ಗಾಪೂಜೆಗೆ ಸರಿಯಾಗಿ ಹೇಮಂತ ಮುಖೋಪಾಧ್ಯಾಯ, ಸಂಧ್ಯಾ ಮುಖೋಪಾಧ್ಯಾಯ, ಮನ್ನಾ ಡೇ ಮೊದಲಾದವರ ಹೊಸ ಪ್ಲೇಟುಗಳು ಬರುತ್ತಿದ್ದವು. ಜೊತೆಗೆ ‘ಶಾರದ ಅರ್ಘ್ಯ’ ಎಂಬ ಪುಸ್ತಿಕೆ, ಅದರಲ್ಲಿ ಹಾಡುಗಳ ಸಾಹಿತ್ಯ ಮತ್ತು ಗಾಯಕರ ಭಾವಚಿತ್ರ. ಸಿನಿಮಾದ ಹಂಗಿಲ್ಲದೆ ಹಬ್ಬಕ್ಕೆಂದೇ ಹೊಸ ಹಾಡು ಕಟ್ಟಿ ಹೊಸ ಬಟ್ಟೆಯ ಜೊತೆಗೆ ಕೊಳ್ಳುವ ಪದ್ಧತಿ ನಮ್ಮ ದಸರೆಗೆ ಏಕೆ ಅಂಟಲಿಲ್ಲವೋ ಎಂದು ನನಗೆ ಹೊಟ್ಟೆಕಿಚ್ಚು. ಇಪಿ ಎನ್ನುವ ಈ ಸಣ್ಣ ಪ್ಲೇಟುಗಳು ಅಗ್ಗ. ಬಂಗಾಳಿ ಬಾರದಿದ್ದರೂ ಸಲಿಲ್ ಚೌಧುರಿಯವರ ರಾಗ ಸಂಯೋಜನೆ ಕೇಳಲು ಒಂದೆರಡನ್ನು ಕೊಳ್ಳಲೇಬೇಕು.

ಹಿಂದೂಸ್ತಾನಿ ಪ್ಲೇಟುಗಳಲ್ಲಿ ಧಾರವಾಡ ಸೀಮೆಯವರೇ ತುಂಬಿದ್ದಾರೆ: ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರು, ಭೀಮಸೇನ ಜೋಶಿ. ಗದಗಿನ ಹುಡುಗ ಭೀಮಸೇನ 1933ರಲ್ಲಿ ಮನೆ ಬಿಟ್ಟು ಓಡಿದ್ದಕ್ಕೆ ಅಂಗಡಿಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಪ್ಲೇಟೂ ಒಂದು ಕಾರಣ. ಹಾಗೆ ಅಲೆಯುತ್ತ ಈ ಊರಿಗೂ ಬಂದು, ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕೆ ನಿಂತಿದ್ದರು. ಪ್ಲೇಟಂಗಡಿ ಹುಡುಗರನ್ನು ಕೆಡಿಸುತ್ತದೆ ಎಂದು ಯಾರಾದರೂ ಹೇಳಿದರೆ ಕೊಡಲು ಇದಕ್ಕಿಂತ ಒಳ್ಳೆಯ ಉತ್ತರ ಸಿಗದು.

ಪಾರ್ಕ್ ಸ್ಟ್ರೀಟಿನಲ್ಲಿದ್ದ ಮ್ಯೂಸಿಕ್ ವರ್ಲ್ಡ್ ಎಂಬ ಹವಾನಿಯಂತ್ರಿತ ಮಳಿಗೆ 2013ರಲ್ಲಿ ಮುಚ್ಚಿತು. ಮುಂಬೈಯ ಹೆಸರಾಂತ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಅವು ಮಾರುತ್ತಿದ್ದುದು ಹೊಸ ಹಾಡು, ಅದೀಗ ಫೋನಿನಲ್ಲೇ ಸಿಗುತ್ತದೆ. ಫುಟ್‌ಪಾತಿನ ಈ ಅಂಗಡಿಗಳಿಗೆ ಬಾಡಿಗೆಯೂ ಕಡಿಮೆ, ಸರಕೂ ಬೇರೆ ಕಡೆ ಸಿಗದ್ದು. ಹಾಗೆಂದು ಅವು ಸುಖವಾಗಿವೆ ಎಂದಲ್ಲ. ಮೊದಲಿದ್ದಷ್ಟು ಅಂಗಡಿಗಳು ಈಗಿಲ್ಲ, ಮಕ್ಕಳಿಗೆ ಈ ಕಸುಬು ಬೇಡ. ಪ್ಲೇಟು ಮತ್ತೆ ಫ್ಯಾಷನ್ನಾದದ್ದರಿಂದ ಇಪ್ಪತ್ತರ ಹರೆಯದವರು ಬರತೊಡಗಿದ್ದಾರೆ. ಅವರಲ್ಲಿ ಅರ್ಧ ಜನ ಕವರಿನ ಫೋಟೊ ತೆಗೆದು ಹೊರಡುತ್ತಾರೆ.

ಕೊಳ್ಳುವವರಿಗೆ ಒಂದಿಷ್ಟು ಹೇಳಬೇಕು. ಪಾರ್ಕ್ ಸ್ಟ್ರೀಟ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಗಿನ ಹೊತ್ತು ಹೋದರೆ ಬಾಗಿಲು ತೆಗೆದಿರುವುದಿಲ್ಲ, ಮಧ್ಯಾಹ್ನವೇ ವಾಸಿ. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿಸಿ. ಕೂದಲೆಳೆಯಂಥ ಗೀರು ಪರವಾಗಿಲ್ಲ, ಉಗುರಿಗೆ ತಾಗುವ ಗೀರಿದ್ದರೆ ಬಿಟ್ಟುಬಿಡಿ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಸಣ್ಣ ಗೆರೆಗಳು ದಟ್ಟವಾಗಿದ್ದರೆ ಅದು ಬಹಳ ಓಡಿದ ಪ್ಲೇಟು. ಈ ಊರಿನ ತೇವಕ್ಕೆ ಬೂಸಲು ಹಿಡಿಯುವುದು ಸಾಮಾನ್ಯ, ವಿನೈಲ್ ಆದರೆ ತೊಳೆದರೆ ಹೋಗುತ್ತದೆ. ಸೊಟ್ಟಗಾದದ್ದು ಮಾತ್ರ ಸುಲಭಕ್ಕೆ ಸರಿಹೋಗುವುದಿಲ್ಲ. 78ರ ಪ್ಲೇಟು ಕೊಂಡರೆ ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಳ್ಳಬೇಕು, ಕೈ ಜಾರಿದರೆ ಚೂರುಚೂರು.

ಕನ್ನಡದ್ದೇನಾದರೂ ಇದೆಯೇ ಎಂದೂ ಕೇಳಿ. “ದಾದಾ, ಸೌತ್ ಇಂಡಿಯನ್?” ಎಂದರೆ ಸಾಕು, ತಮಿಳು, ತೆಲುಗು, ಮಲಯಾಳಂ, ಕನ್ನಡ ಎಲ್ಲ ಒಟ್ಟಿಗೆ ಸೇರಿದ ಕಟ್ಟೊಂದು ಮೂಲೆಯಿಂದ ಹೊರಬರುತ್ತದೆ. ಲಿಪಿ ಬಾರದ್ದರಿಂದ ಅಂಗಡಿಯವರಿಗೆ ಅದರ ಬೆಲೆ ಕಟ್ಟಲು ಇರುವ ದಾರಿ ಒಂದೇ, ನಿಮ್ಮ ಮುಖ. ಪುಟ್ಟಣ್ಣ ಕಣಗಾಲ್ ಚಿತ್ರದ್ದೊಂದು ಕೈಗೆ ಬಂದರೂ ಹುಬ್ಬು ಗಂಟಿಕ್ಕಿಕೊಂಡೇ ಇರಿ, ಮೊದಲು ಪಕ್ಕದ ತೆಲುಗು ಪ್ಲೇಟಿನ ಬೆಲೆ ಕೇಳಿ.