ಕರುವಿಗೊಂದು ಮೊಲೆ, ಹೊಳೆಗೊಂದು ಪಾಲು



ಹಾಲು ಕರೆಯುವಾಗ ನಮ್ಮ ಹಿರಿಯರು ಒಂದು ಮೊಲೆಯನ್ನು ಕರುವಿಗೆಂದು ಬಿಡುತ್ತಿದ್ದರು. ಅದನ್ನೂ ಹಿಂಡಿಕೊಂಡರೆ ಇವತ್ತು ಸಂಘಕ್ಕೆ ಸ್ವಲ್ಪ ಹೆಚ್ಚು ಹಾಲು ಹಾಕಬಹುದು. ಆದರೆ ಕರು ಸೊರಗಿದರೆ ನಾಳೆ ಕರೆಯುವ ಹಸು ಎಲ್ಲಿಂದ ಬರಬೇಕು? ಹೊಳೆಯ ನೀರಿನ ಲೆಕ್ಕವೂ ಹೀಗೆಯೇ. ನಮ್ಮ ಹತ್ತಿರದ ಹೊಳೆಯೊಂದನ್ನೇ ತೆಗೆದುಕೊಂಡು ಈ ಲೆಕ್ಕವನ್ನು ನೋಡೋಣ.

ಬಸವಣ್ಣನ ಪಾದದಿಂದ ಬೈರಮಂಗಲಕ್ಕೆ

ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆಂದು ನೀವು ಶಂಕರಪುರಂ ಪಕ್ಕದ ಬಸವನಗುಡಿಗೆ ಹೋಗಿರಬಹುದು. ಒಂದು ಕಾಲಕ್ಕೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತೆಂದೇ ಅಲ್ಲಿಯ ಹೊಳೆಗೆ ವೃಷಭಾವತಿ ಎಂಬ ಹೆಸರು. ಆ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ.

ಇಂದು ವೃಷಭಾವತಿಯಲ್ಲಿ ಹರಿಯುವುದು ಹೆಚ್ಚಾಗಿ ಮಳೆನೀರಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತಂದ ಕಾವೇರಿ ನೀರು ನಗರದ ಅಡುಗೆಮನೆ, ಬಚ್ಚಲುಗಳಿಗೆ ಬಳಕೆಯಾಗಿ ಮೋರಿಗೆ ಇಳಿಯುತ್ತದೆ. ಅದರ ಜೊತೆಗೆ ಕಾರ್ಖಾನೆಗಳ ಕೊಳಕೂ ಸೇರುತ್ತದೆ. ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುವುದು ಈ ನೀರೇ. ಅಲ್ಲಿಂದ ಮುಂದೆ ಹೊಳೆ ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ.

ಬೇಸಿಗೆಯಲ್ಲಿ ಸುತ್ತಲಿನ ಬೋರ್‌ವೆಲ್ ಬತ್ತಿದರೂ ಬೈರಮಂಗಲದ ಕಾಲುವೆ ಬತ್ತುವುದಿಲ್ಲ. ಆ ನೀರಿಗೆ ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಹುಲುಸಾಗಿ ಬರುತ್ತವೆ. ಹಸುವಿಗೆ ವರ್ಷಪೂರ್ತಿ ಹಸಿಮೇವು ಸಿಗುತ್ತದೆ. ಆದರೆ ಅದೇ ನೀರಿನಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂಥ ಲೋಹಗಳು ಇದ್ದರೆ ಮಣ್ಣಿಗೆ ಇಳಿದು, ಬೇರಿನಿಂದ ಹುಲ್ಲಿಗೆ ಹತ್ತುತ್ತವೆ. ಹುಲ್ಲನ್ನು ತೊಳೆದರೆ ಮೇಲಿನ ಕೊಳೆ ಹೋಗುತ್ತದೆ, ಒಳಗೆ ಸೇರಿದ ಲೋಹ ಹೋಗುವುದಿಲ್ಲ. ಹಾಲು ಕಾಯಿಸಿದರೆ ರೋಗಾಣು ಸಾಯುತ್ತವೆ, ಲೋಹ ಸಾಯುವುದಿಲ್ಲ.

ನೀರು ಶುದ್ಧವಾದರೆ ಯಾರದು?

"ಹಾಗಾದರೆ ನೀರು ಶುದ್ಧ ಮಾಡಲಿ" ಎನ್ನುತ್ತೀರಿ. ನಿಜ, ಅದೇ ಮೊದಲು ಆಗಬೇಕಾದ ಕೆಲಸ. ಆದರೆ ಶುದ್ಧವಾದ ನೀರಿಗೆ ಕೇಳುವವರು ಬಹಳ. ದಿಣ್ಣೆಯ ಪೂರ್ವದ ಕಡೆ ಇದು ಆಗಲೇ ನಡೆದಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ್ದ ಕೆರೆಗಳು ತುಂಬಿದವು. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ವೃಷಭಾವತಿಯ ನೀರನ್ನೂ ಒಣ ತಾಲ್ಲೂಕುಗಳಿಗೆ ಕೊಂಡೊಯ್ಯುವ ಯೋಜನೆ ಇದೆ.

ಅಲ್ಲಿಯ ಹೆಣ್ಣುಮಕ್ಕಳೂ ನಮ್ಮಂತೆಯೇ ಹಸು ಸಾಕುವವರು, ಅವರಿಗೂ ನೀರು ಬೇಕು. ಆದರೆ ಎಲ್ಲವನ್ನೂ ಮೇಲೆಯೇ ಎತ್ತಿಕೊಂಡರೆ ಬೈರಮಂಗಲದ ಮೇವಿಗೆ ಏನು ಉಳಿಯುತ್ತದೆ? ಹೊಳೆಗೆ ಏನು ಉಳಿಯುತ್ತದೆ?

ಹೊಳೆಯೂ ಒಬ್ಬ ಪಾಲುದಾರ

ಹೊಳೆಗೆ ಪಾಲು ಕೊಡುವುದು ಹೊಸ ಮಾತೇನಲ್ಲ. 2018ರ ಫೆಬ್ರವರಿ 16ರಂದು ಕಾವೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 740 ಟಿಎಂಸಿ ನೀರಿನ ಹಂಚಿಕೆ ಹೇಳಿತು. ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಬೆಂಗಳೂರಿನ ಕುಡಿಯುವ ನೀರಿಗೆಂದು ನಮ್ಮ ಪಾಲಿಗೆ 4.75 ಟಿಎಂಸಿ ಕೂಡಿಸಿತು. ಪರಿಸರಕ್ಕೆಂದು 10 ಟಿಎಂಸಿ ಬೇರೆಯೇ ಇಟ್ಟಿದೆ, ಸಮುದ್ರಕ್ಕೆ ಹೋಗುವುದು 4. ಅಂದರೆ 74 ಲೀಟರ್ ಹಾಲಿನಲ್ಲಿ ಕರುವಿಗೆ ಒಂದು ಲೀಟರ್ ಬಿಟ್ಟ ಹಾಗೆ.

ಆ ಒಂದು ಪಾಲು ವ್ಯರ್ಥವಲ್ಲ. ಹೊಳೆ ಹರಿದರೆ ದಂಡೆಯ ಬಾವಿಗೆ ಒರತೆ ಬರುತ್ತದೆ. ಕೊಳೆ ಒಂದೇ ಕಡೆ ನಿಂತು ನಾರುವುದಿಲ್ಲ. ಸಂಗಮದ ಕೆಳಗಿನ ಕಾವೇರಿ ಕಾಡಿನ ಮಡುಗಳಲ್ಲಿ ನೀರುನಾಯಿಗಳಿವೆ, ಕಾವೇರಿ ಹೊಳೆಗಳಲ್ಲಲ್ಲದೆ ಬೇರೆಲ್ಲೂ ಇಲ್ಲದ, ಅಳಿವಿನಂಚಿನಲ್ಲಿರುವ ದೊಡ್ಡ ಮಹಶೀರ್ ಮೀನಿದೆ. ನಮ್ಮ ಮೋರಿಯ ನೀರು ಕೊನೆಗೆ ಮುಟ್ಟುವುದು ಅವುಗಳ ಮನೆಗೇ.

ಆದ್ದರಿಂದ ಕೇಳಬೇಕಾದ ಕ್ರಮ ಹೀಗೆ: ಮೊದಲು ಪೂರ್ಣ ಶುದ್ಧೀಕರಣ, ಆಮೇಲೆ ಹೊಳೆಗೂ ಕೆಳಗಿನ ರೈತರಿಗೂ ನಿಗದಿಯಾದ ಪಾಲು, ಉಳಿದದ್ದು ಬೇರೆ ತಾಲ್ಲೂಕುಗಳಿಗೆ. ಹೀಗಾದರೆ ಅವರಿಗೆ ಹೋಗುವ ನೀರು ಸ್ವಲ್ಪ ಕಡಿಮೆಯಾಗುತ್ತದೆ. ಹಾಗೆಯೇ ನಾವೂ ನೀರನ್ನು ಹಿತಮಿತವಾಗಿ ಬಳಸಿದರೆ ಮಾತ್ರ ನಮ್ಮ ಮಾತಿಗೆ ತೂಕ ಬರುತ್ತದೆ.

ನಮ್ಮ ಕೈಲಾಗುವುದು

• ಕರೆಯುವ ಸೀಮೆಹಸು ದಿನಕ್ಕೆ 50ರಿಂದ 80 ಲೀಟರ್ ನೀರು ಕುಡಿಯುತ್ತದೆ. ಇದರಲ್ಲಿ ಉಳಿತಾಯ ಬೇಡ. ಆದರೆ ಕುಡಿಯಲು, ಕೆಚ್ಚಲು ಮತ್ತು ಕ್ಯಾನ್ ತೊಳೆಯಲು ಕೊಳಚೆ ಹೊಳೆಯ ನೀರು ಬೇಡವೇ ಬೇಡ.

• ಕೊಟ್ಟಿಗೆಯ ಸಗಣಿಯನ್ನು ಮೊದಲು ಬಾಚಿ ತೆಗೆಯಿರಿ, ಆಮೇಲೆ ತೊಳೆಯಿರಿ. ತೊಳೆದ ನೀರನ್ನು ಮೇವಿನ ಮಡಿಗೆ ಬಿಡಿ.

• ಇರುವ ಜಾಗವೆಲ್ಲ ಹಸಿಹುಲ್ಲಿಗೇ ಬೇಡ. ಮುಂಗಾರಿನಲ್ಲಿ ಮೇವಿನ ಜೋಳ, ಅಲಸಂದೆ ಹಾಕಿ. ಬದುವಿನಲ್ಲಿ ಅಗಸೆ, ನುಗ್ಗೆ ನೆಡಿ. ಹೆಚ್ಚಾದ ಜೋಳವನ್ನು ರಸಮೇವು ಮಾಡಿ ಬೇಸಿಗೆಗೆ ಇಡಿ.

• ಮೇವನ್ನು ಕತ್ತರಿಸಿ ಹಾಕಿ. ಹಸು ತಿಂದು ಬಿಟ್ಟ ಹುಲ್ಲು ಎಂದರೆ ಚೆಲ್ಲಿದ ನೀರೇ.

• ಕಾಲುವೆ ನೀರಿನ ಮೇವು ಹಾಕುವವರು ಮಣ್ಣು, ನೀರಿನ ಪರೀಕ್ಷೆಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಫಲಿತಾಂಶವನ್ನು ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ನೀರಿನ ಸಭೆಗಳಲ್ಲಿ ಪಹಣಿ ಯಾರ ಹೆಸರಲ್ಲಿದೆಯೋ ಅವರೇ ಮಾತಾಡುತ್ತಾರೆ. ಹುಲ್ಲು ಕೊಯ್ದು ತರುವವರು, ಕೊಡ ಹೊರುವವರು ನಾವು. ಹೊಳೆ ಯಾವ ತಿಂಗಳು ನಾರುತ್ತದೆ, ಯಾವ ಮೇವು ಹಾಕಿದರೆ ಹಸು ಮೂಸಿ ಬಿಡುತ್ತದೆ ಎಂಬುದು ನಮಗೆ ಗೊತ್ತು. ಮುಂದಿನ ಗ್ರಾಮಸಭೆಗೆ ನಾಲ್ಕು ಜನ ಒಟ್ಟಿಗೆ ಹೋಗಿ. ಇದನ್ನೆಲ್ಲ ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.